ಚೌಕಟ್ಟಿನ ಬಲಭಾಗ

ಬೈಲಹೊಂಗಲದಲ್ಲಿ ನನ್ನ ತಂಗಿ ನಡೆಸುತ್ತಿದ್ದ ಬ್ಯೂಟಿ ಪಾರ್ಲರಿನ ಗೋಡೆಯ ಮೇಲೆ ಒಂದು ಚೌಕಟ್ಟು ಇತ್ತು. ಎಡಭಾಗದಲ್ಲಿ ನನ್ನ ಮುಖದ ಫೋಟೊ, ಬಲಭಾಗದಲ್ಲಿ ಬರೀ ಬಿಳಿ ಕಾಗದ. ಫೋಟೊದಲ್ಲಿ ನನ್ನ ಎರಡೂ ಕೆನ್ನೆಗಳ ಮೇಲಿನ ಬಂಗಿನ ಕಪ್ಪು ಕಲೆಗಳು, ಹುಬ್ಬುಗಳ ನಡುವಿನ ಗೆರೆಗಳು, ಬಾಯಿಯ ಎರಡೂ ಪಕ್ಕ ಜೋತು ಬಿದ್ದ ಚರ್ಮ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬಿಳಿ ಕಾಗದದ ಮೇಲೆ ಅವಳು ಪೆನ್ಸಿಲಿನಿಂದ ‘ಯುಗಾದಿ’ ಎಂದು ಬರೆದಿದ್ದಳು. ಬರುವ ಯುಗಾದಿಗೆ ಅಲ್ಲಿ ನನ್ನ ಇನ್ನೊಂದು ಮುಖ ಕೂರಬೇಕಾಗಿತ್ತು.

ಅವಳು ನಾಗರ ಪಂಚಮಿ ಮುಗಿದು ಕೆಲವೇ ದಿನಗಳಲ್ಲಿ ತೀರಿಕೊಂಡಳು. ಜ್ವರ ಬಂತು, ಗುಳಿಗೆ ನುಂಗಿ ಅಂಗಡಿಯಲ್ಲೇ ಕೆಲಸ ಮಾಡಿದಳು, ತಡೆಯದಾದಾಗ ಬೆಳಗಾವಿಗೆ ಕರೆದುಕೊಂಡು ಹೋದರು, ಅಲ್ಲಿಂದ ತಿರುಗಿ ಬಂದದ್ದು ಅವಳ ದೇಹ. ಇದನ್ನು ಎಷ್ಟೋ ಜನರಿಗೆ ಇದೇ ಮಾತುಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಅದು ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಆಗಿದೆ. ಆದರೆ ಆ ಬಿಳಿ ಕಾಗದದ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಮುನವಳ್ಳಿಯಲ್ಲಿ ಅಂಗನವಾಡಿ ಟೀಚರ್. ಮಕ್ಕಳ ತೂಕ ನೋಡುವುದು, ಬಸುರಿಯರ ಮನೆಗಳಿಗೆ ಹೋಗಿ ಬರುವುದು, ಮನೆ ಮನೆ ತಿರುಗಿ ಲೆಕ್ಕ ಬರೆಯುವುದು, ಇದರಲ್ಲೇ ನನ್ನ ಅರ್ಧ ಆಯುಷ್ಯ ಬಿಸಿಲಿನಲ್ಲಿ ಹೋಗಿದೆ. ನನ್ನನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದ್ದಕ್ಕೆ ತಂಗಿ ಮುಚ್ಚುಮರೆ ಮಾಡಲಿಲ್ಲ.

“ಇಷ್ಟ ಕೆಟ್ಟ ಮಾರಿ ನನಗ ಬ್ಯಾರೆ ಕಡೆ ಎಲ್ಲಿ ಸಿಗಬೇಕು ಅಕ್ಕಾ? ನಿನ್ನ ಮಾರಿ ಮ್ಯಾಲ ಕೆಲಸ ಮಾಡ್ತಂದ್ರ ಯಾರ ಮಾರಿ ಮ್ಯಾಲರೆ ಮಾಡತೈತಿ.”

ಹುಬ್ಬು ತೀಡುವುದು, ಮದುಮಗಳಿಗೆ ಅಲಂಕಾರ ಮಾಡುವುದು ಇಷ್ಟರಿಂದಲೇ ಅಂಗಡಿ ನಡೆಯುತ್ತಿತ್ತು. ಆದರೆ ಅವಳಿಗೆ ವಯಸ್ಸಾದ ಹೆಂಗಸರೂ ಬರಬೇಕೆಂಬ ಆಸೆ. ನಲವತ್ತು ದಾಟಿದವರು ಮಗಳನ್ನೋ ಸೊಸೆಯನ್ನೋ ಕುರ್ಚಿಯ ಮೇಲೆ ಕೂರಿಸಿ ತಾವು ಬಾಗಿಲ ಬಳಿ ಚೀಲ ಹಿಡಿದು ಕೂರುತ್ತಾರೆ, ಅವರ ಮುಖ ಯಾರಿಗೂ ಬೇಡವಾಗಿದೆ ಎನ್ನುತ್ತಿದ್ದಳು. ಧಾರವಾಡಕ್ಕೆ ತರಬೇತಿಗೆ ಹೋಗಿ ಬಂದವಳು ಒಂದು ಕ್ರಮ ಹೇಳಿಕೊಟ್ಟಳು. ಬೆಳಿಗ್ಗೆ ಮುಖ ತೊಳೆದು ಸೀರಮ್, ಅದರ ಮೇಲೆ ಸನ್‌ಸ್ಕ್ರೀನ್. ರಾತ್ರಿ ಬಟಾಣಿ ಕಾಳಿನಷ್ಟು ಇನ್ನೊಂದು ಕ್ರೀಮು. ಅದನ್ನು ಕೈಯಿಂದ ತಿಕ್ಕಬಾರದು, ಬೆರಳ ತುದಿಯಿಂದ ಗದ್ದದಿಂದ ಕಿವಿಯ ಕಡೆಗೆ, ಕೆನ್ನೆಯಿಂದ ಕಣತಲೆಗೆ, ಯಾವಾಗಲೂ ಮೇಲಕ್ಕೆ ಹಚ್ಚಬೇಕು. ನಾನು ಮರೆತು ಕೆಳಗೆ ಎಳೆದರೆ ಕೈಯ ಮೇಲೆ ಹೊಡೆಯುತ್ತಿದ್ದಳು.

“ಮ್ಯಾಲಕ್ಕ ಹಚ್ಚ. ಕೆಳಗ ಎಳಿಯಾಕ ಬ್ಯಾರೆ ಭಾಳ ಅದಾವ.”

ಪ್ರತಿ ಭಾನುವಾರ ನಾನು ಮುನವಳ್ಳಿಯಿಂದ ಯರಗಟ್ಟಿಗೆ, ಅಲ್ಲಿಂದ ಬೇರೆ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋಗುತ್ತಿದ್ದೆ. ಕಿಟಕಿಯ ಪಕ್ಕದ ಅದೇ ಕುರ್ಚಿ, ಕೂದಲು ಹಿಂದಕ್ಕೆ ಕಟ್ಟಿ, ಮುಖಕ್ಕೆ ಏನೂ ಹಚ್ಚದೆ ಫೋಟೊ. ಮೊದಲನೆಯ ದಿನವೇ ಜಗಳ. ಹಣೆಯ ಗೆರೆ ಕಾಣಬೇಕು, ಟಿಕಳಿ ತೆಗಿ ಎಂದಳು. ಗಂಡ ಗಟ್ಟಿಮುಟ್ಟಾಗಿ ಮನೆಯಲ್ಲಿ ಕೂತಿರುವಾಗ ಖಾಲಿ ಹಣೆಯಲ್ಲಿ ಫೋಟೊ ತೆಗೆಸಿಕೊಳ್ಳಲು ನಾನು ಒಪ್ಪಲಿಲ್ಲ. ಕೊನೆಗೆ ಸಾಸಿವೆಯಷ್ಟು ಚಿಕ್ಕ ಟಿಕಳಿಗೆ ರಾಜಿಯಾಯಿತು. ಪ್ರತಿ ಸಲವೂ ಮುಖ ಒಂದೇ ಕೋನದಲ್ಲಿ ಬರಬೇಕೆಂದು ಅವಳು ಎಡಗೈಯಿಂದ ನನ್ನ ಗದ್ದ ಹಿಡಿದು ತಿರುಗಿಸಿ, ಹಾಗೇ ಹಿಡಿದುಕೊಂಡೇ ಬಲಗೈಯಲ್ಲಿ ಮೊಬೈಲು ಒತ್ತುತ್ತಿದ್ದಳು. ಹೀಗಾಗಿ ಆ ಎಲ್ಲ ಫೋಟೊಗಳಲ್ಲಿ ನನ್ನ ಗದ್ದದ ಕೆಳಗೆ ಅವಳ ಎರಡು ಬೆರಳುಗಳಿವೆ.

ಎದುರಿನ ಅಂಗಡಿಯಲ್ಲಿ ಜಂಪರು ಹೊಲಿಯುವ ಹೆಂಗಸೊಬ್ಬಳು ಇದ್ದಳು, ನನ್ನ ವಯಸ್ಸಿನವಳೇ. ಭಾನುವಾರ ನಾನು ಬಂದದ್ದು ಕಂಡರೆ ಕೊರಳಲ್ಲಿ ಟೇಪು ಹಾಕಿಕೊಂಡೇ ದಾರಿ ದಾಟಿ ಬಂದು ನಮ್ಮ ಕೆಲಸ ನೋಡುತ್ತಾ ನಿಲ್ಲುತ್ತಿದ್ದಳು.

“ಹಳೇ ಜಂಪರ್ ಆದ್ರ ಬಿಚ್ಚಿ ಮತ್ತ ಹೊಲೀಬೌದು. ಮಾರಿ ಬಿಚ್ಚಾಕ ಬರತೈತೇನ ನಿಮಗ?”

“ಯುಗಾದಿ ತನಕಾ ತಡೀರಿ,” ಎಂದು ತಂಗಿ ಹೇಳಿದಳು. “ನಮ್ಮಕ್ಕನ ಮಾರಿ ನೋಡಿ ನೀವ ಬಂದು ಈ ಕುರ್ಚಿ ಮ್ಯಾಲ ಕುಂದರತೀರಿ.”

“ಆತ ತಗೋವಾ. ಹಂಗೇನರೆ ಆತಂದ್ರ ನಾನ ಬಂದು ಕುಂದರತೀನಿ.”

ಆ ಮಾತು ಓಣಿಯಲ್ಲೆಲ್ಲ ಹಬ್ಬಿತು. ಹಾಲು ಹಾಕುವವಳಿಗೂ ಗೊತ್ತು, ಮೇಲ್ಮನೆಯ ಮಾಸ್ತರರ ಹೆಂಡತಿಗೂ ಗೊತ್ತು. ಯಾರು ಬಂದರೂ ಚೌಕಟ್ಟು ನೋಡಿ, ನನ್ನ ಮುಖ ನೋಡಿ, ಯುಗಾದಿಗೆ ನೋಡೋಣ ಎಂದು ಹೋಗುತ್ತಿದ್ದರು. ತಂಗಿ ಹೀಗೆ ನಾಲ್ಕು ಜನರ ಮುಂದೆ ಮಾತು ಕೊಟ್ಟುಬಿಟ್ಟಿದ್ದಳು, ಅದನ್ನು ಉಳಿಸುವ ಕೆಲಸ ನನ್ನ ಚರ್ಮದ್ದಾಗಿತ್ತು.

ಮೊದಮೊದಲು ಮುಖವೆಲ್ಲ ಸಿಪ್ಪೆ ಸುಲಿಯಿತು. ಅಂಗನವಾಡಿಯ ಮಕ್ಕಳು ಹತ್ತಿರ ಬಂದು ಮುಟ್ಟಿ ನೋಡಿದರು. ಮನೆಯಲ್ಲಿ ಗಂಡ ರೊಟ್ಟಿ ಮುರಿಯುತ್ತಾ, ಈ ಮಾರಿ ಹೋದ ಮೇಲೆ ಇನ್ನೊಂದು ಯಾವಾಗ ಬರುತ್ತದೆ ಎಂದು ಕೇಳಿದರು. ಆಮೇಲೆ ಸುಲಿಯುವುದು ನಿಂತಿತು. ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಬಂಗಿನ ಅಂಚು ಮಸುಕಾಗಿತ್ತು. ಕನ್ನಡಿಯಲ್ಲಿ ನನಗೆ ಕಾಣುತ್ತಿರಲಿಲ್ಲ. ತಂಗಿ ಹಳೆಯ ಫೋಟೊ ಮತ್ತು ಹೊಸ ಫೋಟೊ ಒಂದರ ಪಕ್ಕ ಒಂದು ಇಟ್ಟು ತೋರಿಸಿದಾಗಲೇ ಕಂಡದ್ದು.

ಪಂಚಮಿಗೆ ಇಬ್ಬರೂ ತವರಿಗೆ, ತೊರಗಲ್‌ಗೆ ಹೋಗಿದ್ದೆವು. ಅಂದು ಭಾನುವಾರವಲ್ಲ. ಆದರೂ ಅವಳು ಬಿಡಲಿಲ್ಲ. ಶೇಂಗಾದುಂಡಿ ಕಟ್ಟುತ್ತಿದ್ದ ನನ್ನನ್ನು ಎಬ್ಬಿಸಿ ತಲೆಬಾಗಿಲಿನ ಬೆಳಕಿಗೆ ನಿಲ್ಲಿಸಿ, ತನ್ನ ಬೆಲ್ಲದ ಕೈಯಲ್ಲೇ ಗದ್ದ ಹಿಡಿದು ಫೋಟೊ ತೆಗೆದಳು. ಬೆಳಕು ಬೇರೆ, ಜಾಗ ಬೇರೆ, ಇದು ಲೆಕ್ಕಕ್ಕೆ ಬರುವುದಿಲ್ಲ ಎಂದು ತಾನೇ ಹೇಳಿದಳು. ಅದೇ ಅವಳು ತೆಗೆದ ಕೊನೆಯ ಫೋಟೊ. ನನ್ನ ಮುಖ ಅದಕ್ಕಿಂತ ಚೆನ್ನಾಗಿ ಯಾವತ್ತೂ ಬಂದಿಲ್ಲ. ನಾನು ನಗುತ್ತಿದ್ದೇನೆ, ಗದ್ದಕ್ಕೆ ಬೆಲ್ಲ ಅಂಟಿದೆ.

ಅವಳು ಮುತ್ತೈದೆಯಾಗಿ ಹೋದವಳು. ಮಣ್ಣಿಗೆ ಒಯ್ಯುವ ಮೊದಲು ಅರಿಶಿಣ ಹಚ್ಚಿ, ಕುಂಕುಮ ಇಟ್ಟು, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕಿತ್ತು. ಅವ್ವ ಇಲ್ಲದ ಕಾರಣ ಅರಿಶಿಣದ ಬಟ್ಟಲು ನನ್ನ ಕೈಗೆ ಬಂತು. ತಣ್ಣಗಿದ್ದ ಆ ಮುಖಕ್ಕೆ ಬೆರಳು ಇಟ್ಟೆ. ಗದ್ದದಿಂದ ಕಿವಿಯ ಕಡೆಗೆ, ಕೆನ್ನೆಯಿಂದ ಕಣತಲೆಗೆ, ನನ್ನ ಬೆರಳುಗಳು ತಾವೇ ಮೇಲಕ್ಕೆ ಹೋದವು. ನಿಧಾನವಾಯಿತು. ಹಿಂದೆ ನಿಂತಿದ್ದ ಚಿಗವ್ವ ಹೊತ್ತಾಗುತ್ತದೆ, ಬಳಿದು ಬಿಡು ಎಂದಳು. ನನಗೆ ಬಳಿಯಲು ಬರಲಿಲ್ಲ. ಅವಳು ಕಲಿಸಿದ್ದೇ ಹಾಗಿತ್ತು.

ಆಮೇಲಿನ ದಿನಗಳಲ್ಲಿ ಅವಳ ಮನೆಯಲ್ಲೇ ಉಳಿದೆ. ರಾಮದುರ್ಗ, ಸವದತ್ತಿ, ಕಿತ್ತೂರು ಕಡೆಯ ಬಳಗದವರು ಮಾತಾಡಿಸಲು ಬರುತ್ತಿದ್ದರು. ನಮ್ಮ ಕಡೆ ಹೆಂಗಸರು ಬಾಗಿಲಲ್ಲೇ ಅಳು ಶುರುಮಾಡಿ, ಒಳಗೆ ಬಂದು ಕೊರಳು ತಬ್ಬಿ, ಸತ್ತವರ ಗುಣಗಳನ್ನು ಹಾಡಿ ಅಳುತ್ತಾರೆ. ಒಂದು ಗುಂಪು ಎದ್ದ ಮೇಲೆ ಇನ್ನೊಂದು. ಮೂರನೆಯ ದಿನ ಬೆಳಿಗ್ಗೆ ನಾನು ಬಚ್ಚಲಿನಲ್ಲಿ ಮುಖ ತೊಳೆದವಳು ಚೀಲದಿಂದ ಸನ್‌ಸ್ಕ್ರೀನ್ ತೆಗೆದು ಹಚ್ಚಿಕೊಂಡೆ. ಒಂದು ದಿನ ಬಿಟ್ಟರೂ ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ ಎಂದು ಅವಳು ಅಷ್ಟು ಸಲ ಹೇಳಿದ್ದಳು. ಕೈಗೆ ರೂಢಿ. ದಿವಸದ ಕಾರ್ಯ ಆಗುವ ತನಕ ತಲೆಗೆ ಎಣ್ಣೆ ಮುಟ್ಟಿಸಬಾರದು, ಬಾಚಬಾರದು ಎಂಬುದು ನೆನಪಿತ್ತು. ಮುಖಕ್ಕೂ ಹಚ್ಚಬಾರದು ಎಂಬುದು ನೆನಪಾಗಲಿಲ್ಲ.

ಮಧ್ಯಾಹ್ನ ತೊರಗಲ್‌ನ ಹೆಂಗಸರು ಬಂದರು. ತಬ್ಬಿ ಅತ್ತೆವು. ಕಣ್ಣೀರು ಹರಿದ ಕಡೆ ಹಚ್ಚಿದ್ದು ಕರಗಿ, ಕೆನ್ನೆಯ ಮೇಲೆ ಬಿಳಿ ಗೆರೆಗಳು ಮೂಡಿದವು. ನನಗೆ ಗೊತ್ತಾಗಲಿಲ್ಲ. ಚಿಗವ್ವ ಸೆರಗಿನಿಂದ ನನ್ನ ಮುಖ ಒರೆಸಿದವಳು ಸೆರಗು ನೋಡಿದಳು.

“ತಂಗೀನ ಮಣ್ಣಿಗಿ ಕೊಟ್ಟು ಬಂದು ಪೌಡರ್ ಹಚಗೊಂಡ ಕುಂತಾಳ ನೋಡ್ರಿ ಇಕಿ.”

ಅಳು ನಿಂತಿತು. ಅಷ್ಟು ಜನ ಒಮ್ಮೆಗೇ ನನ್ನ ಮುಖ ನೋಡಿದರು. ಇದು ಪೌಡರ್ ಅಲ್ಲ, ಅವಳೇ ಹಚ್ಚಿಕೋ ಎಂದದ್ದು, ಯುಗಾದಿಗೆ ಫೋಟೊ ಇದೆ ಎಂದು ಆ ಗುಂಪಿನಲ್ಲಿ ಹೇಗೆ ಹೇಳುವುದು? ಎದ್ದು ಹೋಗಿ ತೊಳೆದುಕೊಂಡು ಬಂದು ಕೂತೆ. ಚಿಗವ್ವ ಕೆಟ್ಟವಳಲ್ಲ. ಸಂಜೆ ತಾನೇ ಅನ್ನ ಕಲಸಿ ತಂದು ಉಣಿಸಿದಳು. ಆದರೆ ಆ ಮಾತು ಬಹಳ ದಿನ ಬಳಗದಲ್ಲಿ ತಿರುಗಾಡಿತು.

ತಂಗಿಯ ಗಂಡ ಸರಕಿನ ಗಾಡಿ ಓಡಿಸುವವನು, ಹೆಚ್ಚಾಗಿ ಊರೂರು ತಿರುಗುತ್ತಿರುತ್ತಾನೆ. ಅಂಗಡಿ ನಡೆಸುವವರಿಲ್ಲ, ಬಿಟ್ಟುಕೊಡುತ್ತೇನೆ, ಬೇಕಾದದ್ದು ಒಯ್ಯಿರಿ ಎಂದ. ಯುಗಾದಿ ತನಕ ಹಾಗೇ ಇರಲಿ ಎಂದು ನಾನು ಕೇಳಿದೆ. “ಇರ್ಲಿ ಬಿಡ್ರಿ ಅಕ್ಕಾರ, ನನಗೂ ಆ ಬಾಗಲಾ ತಗಿಯಾಕ ಮನಸಿಲ್ಲ,” ಎಂದು ಬೀಗದ ಕೈ ನನ್ನ ಕೈಯಲ್ಲಿಟ್ಟ.

ಮುನವಳ್ಳಿಗೆ ಬಂದ ಮೇಲೆ ಮತ್ತೆ ಹಚ್ಚಲು ಶುರುಮಾಡಿದೆ. ಆಸೆಯಿಂದ ಅಲ್ಲ. ಅವಳು ನನ್ನ ಮೇಲೆ ಹಿಡಿದಿದ್ದ ಕೆಲಸ ಅದೊಂದೇ ಉಳಿದಿತ್ತು, ಅದನ್ನು ನಾನೇ ನಿಲ್ಲಿಸಿದರೆ ಅವಳು ಇನ್ನೊಮ್ಮೆ ಹೋದಂತೆ ಎನಿಸುತ್ತಿತ್ತು. ಭಾನುವಾರ ಅಡುಗೆಮನೆಯ ಕಿಟಕಿಯ ಬಳಿ ನಿಂತು ನನ್ನ ಫೋಟೊ ನಾನೇ ತೆಗೆದುಕೊಳ್ಳುತ್ತಿದ್ದೆ. ಒಮ್ಮೆ ಹಣೆ ಕತ್ತರಿಸಿ ಹೋಗುತ್ತಿತ್ತು, ಒಮ್ಮೆ ಕಿವಿ. ಗದ್ದದ ಕೆಳಗೆ ಬೆರಳುಗಳಿರಲಿಲ್ಲ.

ಹಚ್ಚುವುದು ತಪ್ಪಿಸಲಿಲ್ಲ, ಆದರೆ ಮುಖ ಇಳಿಯುತ್ತಾ ಹೋಯಿತು. ಊಟ ಸೇರುತ್ತಿರಲಿಲ್ಲ, ನಿದ್ದೆ ಬಂದರೂ ಬೇಗ ಹರಿಯುತ್ತಿತ್ತು. ಕಣ್ಣ ಕೆಳಗೆ ಗುಣಿ ಬಿತ್ತು, ಕೆನ್ನೆಯ ಮಾಂಸ ಕರಗಿ ಬಾಯಿಯ ಪಕ್ಕದ ಗೆರೆ ಆಳವಾಯಿತು. ದೀಪಾವಳಿಯ ಹೊತ್ತಿಗೆ ತೆಗೆದ ಫೋಟೊವನ್ನು ಚೌಕಟ್ಟಿನ ಎಡಗಡೆಯ ಫೋಟೊದ ಪಕ್ಕ ಇಟ್ಟರೆ ನಾನು ಇನ್ನೂ ಮುದುಕಿ. ಇದನ್ನು ಯುಗಾದಿಗೆ ಆ ಗೋಡೆಯ ಮೇಲೆ ಹಾಕಿದರೆ ಓಣಿಯವರು ನನ್ನನ್ನಲ್ಲ, ಅವಳನ್ನು ಆಡಿಕೊಳ್ಳುತ್ತಾರೆ. ಸತ್ತವಳು ಎದ್ದು ಬಂದು ಉತ್ತರ ಕೊಡಲಾರಳು. ಪಂಚಮಿಯ ಫೋಟೊವನ್ನೇ ದೊಡ್ಡದು ಮಾಡಿಸಿ ಹಾಕಿದರಾಯಿತು ಎಂದು ನಿರ್ಧರಿಸಿದೆ. ಅದೂ ನನ್ನ ಮುಖವೇ, ಅದೂ ಅವಳ ಕೆಲಸವೇ. ಸುಳ್ಳೇನಲ್ಲ.

ಚಳಿಗಾಲ ಮುಗಿಯುವಾಗ, ಮಕ್ಕಳ ತೂಕ ನೋಡುವ ದಿನ, ಒಬ್ಬ ತಾಯಿ ತನ್ನ ಹುಡುಗಿಯನ್ನು ಕರೆತಂದಳು. ಮಗು ವಾಂತಿ ಭೇದಿಯಿಂದ ಆಗಷ್ಟೇ ಎದ್ದಿತ್ತು. ತಕ್ಕಡಿಯ ಮೇಲೆ ನಿಲ್ಲಿಸಿದರೆ ಹೋದ ತಿಂಗಳಿಗಿಂತ ತೂಕ ಕಡಿಮೆ. ತಾಯಿ ನನ್ನ ಕಿವಿಯ ಹತ್ತಿರ ಬಂದಳು.

“ಹ್ವಾದ ತಿಂಗಳದ್ದ ಬರೀರಿ ಟೀಚರ್. ಮನ್ಯಾಗ ನಮ್ಮತ್ತಿ ಕಾರ್ಡ್ ನೋಡ್ತಾಳ, ಕೂಸಿಗಿ ಏನೂ ತಿನಸೂದಿಲ್ಲಂತ ನನಗ ಅಂತಾಳ.”

ಇಂಥ ಮಾತು ನನಗೆ ಹೊಸದಲ್ಲ. ಯಾವಾಗಲೂ ಹೇಳುವುದನ್ನೇ ಹೇಳಿದೆ. ಮಗು ಬೆಳೆಯುವ ಗೆರೆ ನೆಟ್ಟಗೆ ಮೇಲೇ ಹೋಗುತ್ತದೆ ಎಂದು ಯಾರೂ ಹೇಳಿಲ್ಲ. ಜ್ವರ ಬಂದರೆ ಇಳಿಯುತ್ತದೆ, ಇಳಿದದ್ದನ್ನು ಬರೆದರೆ ಮಾತ್ರ ಮುಂದೆ ಏರಿದ್ದು ತಿಳಿಯುತ್ತದೆ. ಹಳೆಯದನ್ನೇ ಬರೆದರೆ ಕೂಸು ಬೇನೆ ಬಿದ್ದದ್ದೇ ಇಲ್ಲ ಎಂದಾಗುತ್ತದೆ. ಅತ್ತೆಗೆ ನಾನೇ ಬಂದು ಹೇಳುತ್ತೇನೆ ಎಂದು ಸಮಾಧಾನ ಮಾಡಿ, ತಕ್ಕಡಿ ತೋರಿಸಿದ್ದನ್ನೇ ಬರೆದೆ. ಆಕೆ ಹೋದ ಮೇಲೆ ಮುಂದಿನ ಕೂಸಿನ ಕಾರ್ಡು ತೆಗೆಯುವಾಗ ಆ ಚೌಕಟ್ಟು ನೆನಪಾಯಿತು. ಪಂಚಮಿಯ ಫೋಟೊ ಹಾಕಿದರೆ ತಂಗಿ ಸತ್ತದ್ದೇ ಇಲ್ಲ ಎಂದ ಹಾಗೆ. ಆ ಮುಖಕ್ಕೆ ಆಮೇಲೆ ಏನೂ ಆಗಿಲ್ಲ ಎಂದ ಹಾಗೆ. ಅದು ಅವಳಿಗೆ ಮಾಡುವ ಗೌರವವೋ ಅಲ್ಲವೋ, ಆವತ್ತು ನನಗೆ ತಿಳಿಯಲಿಲ್ಲ. ದಣಿವಾಗಿತ್ತು.

ಯುಗಾದಿಯ ಹಿಂದಿನ ಭಾನುವಾರ ಬೈಲಹೊಂಗಲಕ್ಕೆ ಹೋದೆ. ಅದರ ಮರುದಿನ ತಂಗಿಯ ಗಂಡ ಗಾಡಿ ತಂದು ಸಾಮಾನು ಒಯ್ಯುವವನಿದ್ದ. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದಲ್ಲಿ ಮೊಬೈಲು ಕೊಟ್ಟೆ. ಎರಡು ಫೋಟೊ ತೋರಿಸಿದೆ, ಪಂಚಮಿಯದು ಮತ್ತು ಆ ವಾರದ್ದು. ಎರಡೂ ಒಬ್ಬರವೇ ಏನು ಎಂದು ಸ್ಟುಡಿಯೋದವನು ಕೇಳಿದ. ಹೌದು ಎಂದೆ. ಯಾವುದು ಮಾಡಲಿ ಎಂದ. ಬಾಯಿ ತಾನಾಗಿಯೇ ಆ ವಾರದ್ದು ಎಂದಿತು. ಅವನು ಪರದೆಯ ಮೇಲೆ ನನ್ನ ಮುಖ ದೊಡ್ಡದು ಮಾಡಿ ನೋಡಿ, ಕಣ್ಣ ಕೆಳಗಿನದೆಲ್ಲ ಒಂದು ನಿಮಿಷದಲ್ಲಿ ತೆಗೆದುಬಿಡುತ್ತೇನೆ ಎಂದ. ಬೇಡ, ಇದ್ದ ಹಾಗೇ ಇರಲಿ ಎಂದೆ. ಅವನಿಗೆ ಬೇಸರವಾಯಿತೆಂದು ಕಾಣುತ್ತದೆ.

ಅಂಗಡಿಯ ಬಾಗಿಲು ತೆಗೆದರೆ ಒಳಗೆ ಧೂಳು, ಕ್ರೀಮಿನ ಹಳೆಯ ವಾಸನೆ. ಕುರ್ಚಿಯ ಹಿಂದೆ ಅವಳ ಏಪ್ರನ್ ನೇತಾಡುತ್ತಿತ್ತು. ಚೌಕಟ್ಟು ಇಳಿಸಿ, ಹಿಂದಿನ ಮೊಳೆ ಬಿಚ್ಚಿ, ಬಿಳಿ ಕಾಗದವನ್ನು ತೆಗೆಯದೆ ಅದರ ಮೇಲೇ ಹೊಸ ಫೋಟೊ ಇಟ್ಟೆ. ಪೆನ್ಸಿಲಿನ ಅಕ್ಷರ ಅಡಿಯಲ್ಲಿ ಉಳಿಯಿತು. ಗೋಡೆಗೆ ತೂಗುಹಾಕಿ ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಎದುರಿನ ಹೊಲಿಗೆಯವಳು ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಅದೇ ಟೇಪು.

ಒಳಗೆ ಬಂದು ಚೌಕಟ್ಟಿನ ಮುಂದೆ ನಿಂತಳು. ಅಳತೆ ತೆಗೆಯುವವರ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ನಾನು ನಗೆಮಾತಿಗೆ ಕಾದೆ. ಏನೇ ಅಂದರೂ ಸುಮ್ಮನೆ ಕೇಳಿಸಿಕೊಂಡು ಬಸ್ಸು ಹಿಡಿಯೋಣ ಎಂದುಕೊಂಡಿದ್ದೆ.

“ಬಂಗು ಹೋಗ್ಯಾವಲ್ರಿ ಅಕ್ಕಾರ,” ಎಂದಳು.

ನಾನೂ ತಿರುಗಿ ನೋಡಿದೆ. ಇಷ್ಟು ತಿಂಗಳು ಕಣ್ಣ ಕೆಳಗಿನ ಗುಣಿಯನ್ನೇ ನೋಡುತ್ತಾ ಕೂತವಳು ಕೆನ್ನೆ ನೋಡಿರಲಿಲ್ಲ. ಎಡಗಡೆ ಎರಡೂ ಕೆನ್ನೆಯ ಮೇಲೆ ಹರಡಿದ್ದ ಕಪ್ಪು, ಬಲಗಡೆ ತೊಳೆದ ಬಟ್ಟೆಯ ಮೇಲಿನ ಹಳೆಯ ಕಲೆಯಷ್ಟೇ ಉಳಿದಿತ್ತು. ಮುಖ ಬಾಡಿತ್ತು, ಆದರೆ ಬಂಗು ಹೋಗಿತ್ತು.

“ಕಣ್ಣ ಕೆಳಗಿಂದು ನೋಡ್ರಿ ಎಷ್ಟ ಕೆಟ್ಟೈತಿ,” ಎಂದೆ.

“ಅದು ಆಕಿ ಕ್ರೀಮಿಂದಲ್ರಿ. ಅದು ಆಕಿ ಹ್ವಾದದ್ದಕ್ಕ ಆಗಿದ್ದು.”

ಅವಳು ಕುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಹೊಡೆದು ಕೂತಳು. ಟೇಪು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಏನು ಎಂದು ಕೇಳಿದೆ.

“ಮಾತ ಕೊಟ್ಟಿದ್ದೆ ಆಕಿಗಿ. ನಾಳೆ ಕುರ್ಚಿ ಒಯ್ತಾರಂತಲ್ಲ.”

ನನಗೆ ಪಾರ್ಲರಿನ ಕೆಲಸ ಬರುವುದಿಲ್ಲ ಎಂದೆ. ಹಚ್ಚಲು ಬರುತ್ತದಲ್ಲ, ಅಷ್ಟು ಸಾಕು ಎಂದು ಅವಳು ಕಣ್ಣು ಮುಚ್ಚಿ ಮುಖ ಮೇಲೆತ್ತಿದಳು. ನನ್ನ ಚೀಲದಲ್ಲಿ ನನ್ನದೇ ಡಬ್ಬಿ ಇತ್ತು, ತಳದಲ್ಲಿ ಸ್ವಲ್ಪ. ರಾತ್ರಿ ಹಚ್ಚುವ ಕ್ರೀಮನ್ನು ಹಾಡಹಗಲೇ ಹಚ್ಚಿದರೆ ತಂಗಿ ಬೈಯುತ್ತಿದ್ದಳು. ಬಿಸಿಲಿಗೆ ಹೋಗುವ ಮೊದಲು ತೊಳೆದುಕೊಳ್ಳಿ ಎಂದು ಹೇಳಿದೆ. ಆಯಿತು ಎಂದು ತಲೆಯಾಡಿಸಿದಳು. ಬಾಗಿಲು ಅರ್ಧ ಮುಂದಕ್ಕೆ ಹಾಕಿ, ಕೈ ತೊಳೆದು ಬಂದೆ.

ಗದ್ದದಿಂದ ಕಿವಿಯ ಕಡೆಗೆ, ಕೆನ್ನೆಯಿಂದ ಕಣತಲೆಗೆ. ಜೀವವಿದ್ದ ಬಿಸಿ ಚರ್ಮ. ಕೆಲಸ ಮಾಡಿ ಮಾಡಿ ಬಿಗಿದ ದವಡೆ ನನ್ನ ಬೆರಳಿನ ಕೆಳಗೆ ಮೆಲ್ಲಗೆ ಸಡಿಲವಾಯಿತು. ಅವಳ ಮುಚ್ಚಿದ ಕಣ್ಣ ತುದಿಯಿಂದ ನೀರು ಇಳಿದಾಗ ಅದನ್ನೂ ಕೆಳಗೆ ಒರೆಸಲಿಲ್ಲ, ಕಿವಿಯ ಕಡೆಗೆ ಮೇಲಕ್ಕೇ ಒರೆಸಿದೆ.

ಎದ್ದು ನಿಂತು ಟೇಪು ಕೊರಳಿಗೆ ಹಾಕಿಕೊಂಡವಳು ಮತ್ತೆ ಕೂತಳು.

“ಹಂಗಾರ ನಂದೂ ಒಂದ ಫೋಟೊ ತಗೀರಿ. ಮುಂದ ಎಂಥಾ ಸುಧಾರಣಿ ಆಗತೈತಿ ನೋಡಾಕ ಬೇಕಲ್ಲ.”

ಮುಂದೆ ಯಾರು ನೋಡುತ್ತಾರೆ, ಯಾವ ಗೋಡೆಯ ಮೇಲೆ ಎಂದು ನಾನು ಕೇಳಲಿಲ್ಲ. ಅವಳ ಮುಖ ತೊಳೆಸಿ ಕಿಟಕಿಯ ಕಡೆಗೆ ಕೂರಿಸಿದೆ. ಮೊಬೈಲು ತೆಗೆದೆ. ಮುಖ ಸರಿಯಾಗಿ ನಿಲ್ಲಲಿಲ್ಲ, ಒಮ್ಮೆ ಬಾಗಿಲ ಕಡೆ ತಿರುಗುತ್ತಿತ್ತು, ಒಮ್ಮೆ ಚೌಕಟ್ಟಿನ ಕಡೆ. ಎಡಗೈಯಿಂದ ಗದ್ದ ಹಿಡಿದು ತಿರುಗಿಸಿ, ಹಾಗೇ ಹಿಡಿದುಕೊಂಡು ಬಲಗೈಯಲ್ಲಿ ಒತ್ತಿದೆ.

ಯರಗಟ್ಟಿಯ ಬಸ್ಸಿನಲ್ಲಿ ಕೂತ ಮೇಲೆ ಅದನ್ನು ತೆಗೆದು ನೋಡಿದೆ. ಸ್ವಲ್ಪ ಅಲುಗಿದೆ. ಗದ್ದದ ಕೆಳಗೆ ನನ್ನ ಎರಡು ಬೆರಳುಗಳು ಬಂದಿವೆ.